ಮಾಟಗಾತಿ, ಮಾಟಗಾತಿತನ, ‘ವಿಚಿ’: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದಲ್ಲಿ ಬರೆಯುವವರು, ಅನುವಾದ ಮಾಡುವವರು, ಮಕ್ಕಳಿಗೆ ಕಥೆ ಹೇಳುವ ಅಮ್ಮಂದಿರು ಈ ಪದದ ಬಗ್ಗೆ ನನ್ನನ್ನು ಆಗಾಗ ಕೇಳುತ್ತಿರುತ್ತಾರೆ. ಆ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು. ಕೆಲವಕ್ಕೆ ಕೂತು ಮಾತಾಡಬೇಕು.

ಇಂಗ್ಲಿಷಿನ ‘ವಿಚಿ’ ಅಂದರೆ ಏನು?

‘ವಿಚ್’ ಅಂದರೆ ಮಾಟಗಾತಿ. ಅದರ ಕೊನೆಗೊಂದು ‘ಇ’ ಸೇರಿದರೆ ‘ವಿಚಿ’. ಮಾಟಗಾತಿಯ ಹಾಗಿರುವ, ಮಾಟಗಾತಿಯ ಗುಣವಿರುವ ಅಂತ ಅರ್ಥ. ಇದು ಗುಣವಾಚಕ. ನಗುವಿಗೆ, ಬಟ್ಟೆಗೆ, ಮುಖಕ್ಕೆ, ಕೋಣೆಗೆ, ರಾತ್ರಿಗೆ, ಯಾವುದಕ್ಕೆ ಬೇಕಾದರೂ ಹತ್ತುತ್ತದೆ.

ಇದು ಎರಡು ಕಡೆಗೆ ಎಳೆಯುವ ಪದ. ಒಂದು ಕಡೆ ಹೆದರಿಕೆ: ಕೀರಲು ನಗು, ಕೊಕ್ಕೆ ಮೂಗು, ಕೆದರಿದ ಕೂದಲು. ಇನ್ನೊಂದು ಕಡೆ ಸೆಳೆತ: ಕಣ್ಣಲ್ಲೇ ಹಿಡಿದು ನಿಲ್ಲಿಸುವ ಹೆಂಗಸು, ಗಿಡಮೂಲಿಕೆ ಒಣಗಿಸಿ ತೂಗುಹಾಕಿದ ಅಡುಗೆಮನೆ, ಕಪ್ಪು ಬಟ್ಟೆ, ಬೆಳ್ಳಿ ಉಂಗುರ, ಹುಣ್ಣಿಮೆ ಬೆಳಕು. ಈಗಿನ ಹುಡುಗಿಯರು ಈ ಪದವನ್ನು ಬಳಸುವುದು ಜಾಸ್ತಿ ಎರಡನೇ ಅರ್ಥದಲ್ಲೇ. ‘ಈ ಡ್ರೆಸ್ ವಿಚಿಯಾಗಿದೆ’ ಅಂದರೆ ಬೈದಿದ್ದಲ್ಲ, ಮೆಚ್ಚಿದ್ದು.

ಅದಕ್ಕೆ ಕನ್ನಡದಲ್ಲಿ ಒಂದೇ ಪದ ಇದೆಯಾ?

ಇಲ್ಲ. ‘ಮಾಟಗಾತಿಯಂಥ’ ಅಂದರೆ ಅರ್ಥವೇನೋ ಬರುತ್ತದೆ. ಆದರೆ ಇಂಗ್ಲಿಷ್ ಪದಕ್ಕೆ ಈಗ ಬಂದಿರುವ ಹಗುರತನ ಬರುವುದಿಲ್ಲ. ಸಂದರ್ಭ ನೋಡಿ ಪದ ಆರಿಸಬೇಕು. ನಾನು ಮಾಡುವುದು ಹೀಗೆ. ನಗುವಾದರೆ ‘ಮೈ ಜುಂ ಎನಿಸುವ ನಗು’. ಕಣ್ಣಾದರೆ ‘ಮೋಡಿ ಮಾಡುವ ಕಣ್ಣು’. ಬಟ್ಟೆಯಾದರೆ ‘ಮಾಟಗಾತಿ ವೇಷದ ಹಾಗಿರುವ’ ಅಂತಲೋ, ಓದುಗರು ಚಿಕ್ಕ ವಯಸ್ಸಿನವರಾದರೆ ಸುಮ್ನೆ ‘ವಿಚಿ’ ಅಂತಲೋ ಬರೆಯುತ್ತೇನೆ. ಕೋಣೆಗೆ ‘ನಿಗೂಢ’ ಸಾಕಾಗುತ್ತದೆ.

‘ಮಾಟಗಾತಿ’ ಪದ ಎಲ್ಲಿಂದ ಬಂತು?

ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಆಡು ಅನ್ನುವುದರಿಂದ ಆಟ. ಓಡು ಅನ್ನುವುದರಿಂದ ಓಟ. ನೋಡು ಅನ್ನುವುದರಿಂದ ನೋಟ. ಕಾಡು ಅನ್ನುವುದರಿಂದ ಕಾಟ. ಅದೇ ದಾರಿಯಲ್ಲಿ ಮಾಡು ಅನ್ನುವುದರಿಂದ ಮಾಟ. ಅಂದರೆ ಮೂಲದಲ್ಲಿ ಮಾಟ ಎಂದರೆ ‘ಮಾಡುವುದು’, ‘ಮಾಡಿದ್ದು’, ಅಷ್ಟೇ. 12ನೇ ಶತಮಾನದ ವಚನಗಳಲ್ಲಿ ‘ಮಾಡುವ ಮಾಟ’ ಅಂತ ಬಂದರೆ ಅದು ಮಾಡುವ ಕೆಲಸ. ಅಲ್ಲಿ ನಿಂಬೆಹಣ್ಣೂ ಇಲ್ಲ, ಕುಂಕುಮವೂ ಇಲ್ಲ.

ಚೆನ್ನಾಗಿ ಮಾಡಿದ್ದು ಅನ್ನುವುದರಿಂದ ‘ಒಳ್ಳೆಯ ಆಕಾರ’ ಅನ್ನುವ ಅರ್ಥವೂ ಬೆಳೆಯಿತು. ‘ಮಾಟವಾದ ಮೂಗು’ ಅಂತ ಈಗಲೂ ಹೇಳುತ್ತೇವೆ. ತಿದ್ದಿ ತೀಡಿದಂತಿರುವ ಮೂಗು. ಸಿನಿಮಾ ಪುಟಗಳಲ್ಲಿ ‘ಮೈಮಾಟ’ ಅನ್ನುವ ಪದ ಕಾಣದ ವಾರವೇ ಇಲ್ಲ. ಮೈಮಾಟದ ಮಾಟವೂ ಮಾಟಗಾತಿಯ ಮಾಟವೂ ಒಂದೇ ಬೇರಿನವು.

ಹಾಗಾದರೆ ಕೆಟ್ಟ ಅರ್ಥ ಎಲ್ಲಿಂದ ಬಂತು? ನಮ್ಮ ಮನೆಗಳಲ್ಲಿ ಆಡುವ ಮಾತನ್ನೇ ಕೇಳಿಸಿಕೊಳ್ಳಿ. ಹಸು ಹಾಲು ಕೊಡುವುದನ್ನು ನಿಲ್ಲಿಸಿತು. ಮಗುವಿಗೆ ಜ್ವರ ಬಿಡುತ್ತಿಲ್ಲ. ಗೊತ್ತಾದ ಮದುವೆ ಮುರಿದುಬಿತ್ತು. ಆಗ ಯಾರಾದರೊಬ್ಬರು ದನಿ ತಗ್ಗಿಸಿ ಹೇಳುತ್ತಾರೆ: “ಯಾರೋ ಮಾಡ್ಸಿದಾರೆ ಕಣೇ.” ಏನನ್ನು ಮಾಡಿಸಿದ್ದಾರೆ ಅಂತ ಹೇಳುವುದೇ ಇಲ್ಲ. ಹೇಳಲು ಭಯ. ‘ಮಾಡಿಸು’ ಅನ್ನುವ ಬರಿಯ ಕ್ರಿಯಾಪದವೇ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಹೆಸರೆತ್ತದೆ ಹೇಳಿದ ಆ ‘ಮಾಡಿದ್ದು’ ಕೊನೆಗೆ ತಾನೇ ಹೆಸರಾಯಿತು, ಮಾಟ ಅಂತ. ಸಂಸ್ಕೃತದಲ್ಲೂ ಹೀಗೇ ಆಗಿದೆ. ‘ಕೃ’ ಅಂದರೆ ಮಾಡು, ಅದರಿಂದ ಬಂದ ‘ಕೃತ್ಯೆ’ ಅಂದರೆ ಮಾಟ. ಮರಾಠಿಯ ‘ಕರಣಿ’ಯೂ ಮಾಡು ಅನ್ನುವ ಕ್ರಿಯಾಪದದಿಂದಲೇ ಬಂದದ್ದು. ಮೂರು ಭಾಷೆ, ಭಯದ ದಾರಿ ಒಂದೇ.

‘ಗಾತಿ’ ಅಂದರೆ? ಗಂಡಸಿಗೆ ಏನನ್ನುತ್ತಾರೆ?

ಸಂಸ್ಕೃತದ ‘ಕಾರ’ ಕನ್ನಡದಲ್ಲಿ ‘ಗಾರ’ ಆಯಿತು. ಹಾಡುಗಾರ, ಮೋಸಗಾರ, ಸೊಗಸುಗಾರ. ಹೆಣ್ಣಿಗೆ ‘ಗಾತಿ’, ‘ಗಾರ್ತಿ’ ಅಥವಾ ‘ಗಿತ್ತಿ’. ಹಾಡುಗಾತಿ, ಮೋಸಗಾತಿ, ಮದುವಣಗಿತ್ತಿ. ಹಾಗೆ ಮಾಟ ಮಾಡುವ ಗಂಡಸು ಮಾಟಗಾರ, ಹೆಂಗಸು ಮಾಟಗಾತಿ.

ವ್ಯಾಕರಣದಲ್ಲಿ ಎರಡೂ ಸಮ. ಬಳಕೆಯಲ್ಲಿ ಸಮ ಅಲ್ಲ. ಗಂಡಸು ಈ ಕೆಲಸ ಮಾಡಿದರೆ ಅವನು ಮಂತ್ರವಾದಿ, ಮಾಂತ್ರಿಕ, ಬಾಯ್ತುಂಬ ಕರೆಯುವಾಗ ‘ಸ್ವಾಮಿಗಳು’. ಬೋರ್ಡು ಹಾಕಿಕೊಂಡು ಕೂರುತ್ತಾನೆ, ಜನ ಹುಡುಕಿಕೊಂಡು ಹೋಗಿ ದುಡ್ಡು ಕೊಡುತ್ತಾರೆ. ಹೆಂಗಸಾದರೆ ಮಾಟಗಾತಿ. ಅವಳು ಏನೂ ಮಾಡಿರಬೇಕಾಗಿಲ್ಲ. ಒಂಟಿಯಾಗಿದ್ದರೆ, ವಯಸ್ಸಾಗಿದ್ದರೆ, ಜೋರು ಬಾಯಿಯವಳಾಗಿದ್ದರೆ ಸಾಕು. ‘ಅವನೊಬ್ಬ ಮಾಟಗಾರ’ ಅನ್ನುವುದು ಒಬ್ಬನ ಕಸುಬಿನ ಬಗ್ಗೆ ಆಡುವ ಮಾತು. ‘ಅವಳೊಬ್ಬಳು ಮಾಟಗಾತಿ’ ಅನ್ನುವುದು ಒಬ್ಬಳ ಸ್ವಭಾವಕ್ಕೇ ಹಚ್ಚುವ ಮಸಿ.

ಅದೇ ‘ಗಿತ್ತಿ’ ಪ್ರತ್ಯಯ ಎಷ್ಟು ಗೌರವ ತರಬಲ್ಲದು ನೋಡಿ. ಪಾವಗಡದ ನರಸಮ್ಮನವರು ಸುಮಾರು 15,000 ಹೆರಿಗೆ ಮಾಡಿಸಿದವರು, ಸೊಪ್ಪು ಬೇರುಗಳ ನಾಟಿ ಮದ್ದು ಬಲ್ಲವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಾಡು ಅವರನ್ನು ‘ಸೂಲಗಿತ್ತಿ ನರಸಮ್ಮ’ ಎಂದೇ ಕರೆಯಿತು, ಕಸುಬಿನ ಹೆಸರೇ ಅವರ ಹೆಸರಿನ ಮೊದಲ ಭಾಗವಾಯಿತು. ಸೊಪ್ಪು ಬೇರು ಬಲ್ಲ ಇನ್ನೊಬ್ಬ ಅಜ್ಜಿಯನ್ನು ಬೇರೊಂದು ಊರು ಮಾಟಗಾತಿ ಅನ್ನಬಹುದಿತ್ತು.

ಮಾಟಗಾತಿ, ಮಾಯಗಾತಿ, ಮೋಡಿಗಾತಿ ಎಲ್ಲ ಒಂದೇನಾ?

ಅಲ್ಲ. ಮಾಟಗಾತಿ ಕೇಡು ಬಯಸುವವಳು. ಮಾಯಗಾತಿ ಕಣ್ಣು ಕಟ್ಟುವವಳು. ಇದ್ದದ್ದನ್ನು ಇಲ್ಲವೆನಿಸಿ, ಇಲ್ಲದ್ದನ್ನು ಇದೆಯೆನಿಸುವವಳು. ಪ್ರೀತಿಯಲ್ಲಿ ಬಿದ್ದವರು ‘ಮಾಯಗಾತಿ’ ಅಂತ ಸಲಿಗೆಯಿಂದ ಕರೆಯುವುದುಂಟು, ಅದು ಮುದ್ದಿನ ಮಾತು. ಮೋಡಿ ಇನ್ನೂ ಹಗುರ. ಗಾಯಕಿ ಸಭೆಯನ್ನೇ ಮೋಡಿ ಮಾಡಿದಳು ಅನ್ನಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಬಿನ್ನಾಣಗಿತ್ತಿಯಲ್ಲಿ ವಯ್ಯಾರ ಇದೆ, ಮಂತ್ರ ಇಲ್ಲ.

ಯಕ್ಷಿಣಿ ಪದವನ್ನೂ ಕೆಲವರು ಇಲ್ಲಿಗೆ ತರುತ್ತಾರೆ. ಯಕ್ಷಿಣಿಗಾರ ಅಂದರೆ ವೇದಿಕೆ ಮೇಲೆ ಟೋಪಿಯಿಂದ ಪಾರಿವಾಳ ತೆಗೆಯುವ ಜಾದೂಗಾರ. ಅವನನ್ನು ಈ ಸಾಲಿಗೆ ಸೇರಿಸಬೇಡಿ.

ದೆವ್ವ, ಪಿಶಾಚಿ, ಮೋಹಿನಿಗೂ ಮಾಟಗಾತಿಗೂ ಏನು ವ್ಯತ್ಯಾಸ?

ದೆವ್ವ, ಪಿಶಾಚಿ, ಮೋಹಿನಿ ಬದುಕಿರುವವರಲ್ಲ. ಮಾಟಗಾತಿ ಬದುಕಿರುವ ಮನುಷ್ಯಳು. ಅವಳಿಗೆ ಹೆಸರಿದೆ, ಮನೆ ಇದೆ, ರೇಷನ್ ಕಾರ್ಡ್ ಇದೆ.

ಈ ವ್ಯತ್ಯಾಸ ಸಣ್ಣದಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಮುತ್ತಲ ಊರುಗಳಲ್ಲೂ ಮನೆ ಬಾಗಿಲಿಗೆ ‘ನಾಳೆ ಬಾ’ ಅಂತ ಬರೆದಿರುತ್ತಿದ್ದದ್ದು ನಿಮಗೆ ನೆನಪಿರಬಹುದು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ ಅನ್ನುವ ನಂಬಿಕೆ. ಆ ಭಯಕ್ಕೆ ಬೇಕಾದದ್ದು ಒಂದು ಸೀಮೆಸುಣ್ಣದ ತುಂಡು. ‘ಇಂಥ ಮನೆಯ ಇಂಥವಳೇ ಮಾಟಗಾತಿ’ ಅನ್ನುವ ಭಯ ಹುಟ್ಟಿದರೆ ಅದು ಗೋಡೆ ಬರಹಕ್ಕೆ ನಿಲ್ಲುವುದಿಲ್ಲ. ಜನ ಅವಳ ಮನೆ ಬಾಗಿಲಿಗೇ ಹೋಗುತ್ತಾರೆ. ಅದಕ್ಕೇ ಬರೆಯುವಾಗ ಈ ಪದಗಳನ್ನು ಅದಲು ಬದಲು ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಮಾಟ, ಮದ್ದು, ದೃಷ್ಟಿ, ಭಾನಾಮತಿ, ವಾಮಾಚಾರ: ಯಾವುದು ಯಾವಾಗ?

ದೃಷ್ಟಿಯಲ್ಲಿ ಉದ್ದೇಶ ಇರಬೇಕಾಗಿಲ್ಲ. ಪ್ರೀತಿಯಿಂದ ನೋಡಿದವರ ಕಣ್ಣೂ ತಾಕುತ್ತದೆ ಅನ್ನುತ್ತಾರೆ. ಅದಕ್ಕೇ ಹೆತ್ತ ತಾಯಿಯೇ ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಡುತ್ತಾಳೆ. ಮಾಟದಲ್ಲಿ ಉದ್ದೇಶ ಇದ್ದೇ ಇರುತ್ತದೆ: ಇಂಥವರಿಗೆ ಹೀಗಾಗಲಿ ಅಂತ.

ಮದ್ದು ಅಂದರೆ ತಿನ್ನುವುದರಲ್ಲಿ ಬೆರೆಸಿ ಕೊಟ್ಟದ್ದು. ಹಳೇ ಮೈಸೂರು ಕಡೆ ‘ಮದ್ದು ಹಾಕಿದ್ದಾರೆ’ ಅನ್ನುತ್ತಾರೆ, ಕರಾವಳಿ ಕಡೆ ‘ಕೈವಿಷ’ ಅನ್ನುತ್ತಾರೆ. ಮದ್ದಿಗೆ ಔಷಧಿ ಅನ್ನುವ ಅರ್ಥವೂ ಇದೆ, ಸಿಡಿಮದ್ದು ಅನ್ನುವ ಅರ್ಥವೂ ಇದೆ. ಹಾಗಾಗಿ ‘ಅಜ್ಜಿ ಮದ್ದು ಕೊಟ್ಟಳು’ ಅಂತ ಬರೆದರೆ ಅದು ಉಪಕಾರ. ‘ಅಜ್ಜಿ ಮದ್ದು ಹಾಕಿದಳು’ ಅಂತ ಬರೆದರೆ ಅಪವಾದ. ಕ್ರಿಯಾಪದ ಬದಲಾದರೆ ಅಜ್ಜಿಯ ಹಣೆಬರಹವೇ ಬದಲಾಗುತ್ತದೆ.

ಭಾನಾಮತಿ ಕಲಬುರಗಿ, ಬೀದರ್ ಕಡೆಯ ಮಾತು. ಮನೆ ಮೇಲೆ ಕಲ್ಲು ಬೀಳುವುದು, ಪೆಟ್ಟಿಗೆಯಲ್ಲಿದ್ದ ಬಟ್ಟೆಗೆ ಇದ್ದಕ್ಕಿದ್ದಂತೆ ಬೆಂಕಿ ಹತ್ತುವುದು, ಹೆಂಗಸರು ಮೈಮೇಲೆ ಎಚ್ಚರವಿಲ್ಲದೆ ಕೂಗಾಡುವುದು, ಇವಕ್ಕೆ ಭಾನಾಮತಿ ಕಾಟ ಅನ್ನುತ್ತಾರೆ.

ವಾಮಾಚಾರ ಮೂಲದಲ್ಲಿ ತಂತ್ರಸಾಧನೆಯ ಒಂದು ಪಂಥದ ಹೆಸರು. ಈಗ ಟಿವಿ ಸುದ್ದಿಯವರು ಎಲ್ಲ ಬಗೆಯ ಮಾಟಕ್ಕೂ ಅದನ್ನೇ ಬಳಸುತ್ತಾರೆ. ಮನೆ ಮುಂದೆ ಕುಯ್ದ ನಿಂಬೆಹಣ್ಣು, ಅರಿಶಿನ, ಮೊಳೆ ಚುಚ್ಚಿದ ಗೊಂಬೆ ಕಂಡರೆ ‘ವಾಮಾಚಾರ’ ಅಂತ ತೆರೆ ಮೇಲೆ ಕೆಂಪಕ್ಷರ ಬರುತ್ತದೆ. ಆಡುಮಾತಿಗೆ ‘ಮಾಟ ಮಂತ್ರ’ವೇ ಸರಿ. ಕಾನೂನಿನ ಸಂದರ್ಭಕ್ಕೆ ವಾಮಾಚಾರ.

‘ಕೊಳ್ಳೇಗಾಲ’ ಅಂದರೆ ಮಾಟ ಅಂತ ಯಾಕೆ?

‘ಕೊಳ್ಳೇಗಾಲಕ್ಕೆ ಹೋಗಿ ಬಂದಿದ್ದಾರೆ’ ಅಂದರೆ ಮಾಟ ಮಾಡಿಸಿಕೊಂಡು ಬಂದಿದ್ದಾರೆ ಅಂತ ಹಳೇ ಮೈಸೂರು ಭಾಗದಲ್ಲಿ ಅರ್ಥ. ಒಂದು ಊರಿನ ಹೆಸರೇ ನುಡಿಗಟ್ಟಾಗಿ ಹೋಗಿದೆ. ಅದು ರೇಷ್ಮೆಗೆ ಹೆಸರಾದ ಊರು, ಮಾದೇಶ್ವರನ ಬೆಟ್ಟಕ್ಕೆ ಹೋಗುವವರ ದಾರಿ. ಅಲ್ಲಿಯವರಿಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ನಿಮ್ಮ ಕಥೆಯಲ್ಲಿ ಪಾತ್ರವೇ ಆ ಮಾತಾಡಿದರೆ ಸರಿ, ನೀವಾಗಿ ಬಳಸಬೇಡಿ.

ಬರೆಯುವುದು ಹೇಗೆ? ಮಾಟಗಾತಿಯೋ ಮಾಟಗಾರ್ತಿಯೋ?

ಎರಡೂ ತಪ್ಪಲ್ಲ. ಮಾಟಗಾತಿ ಜಾಸ್ತಿ ಬಳಕೆಯಲ್ಲಿದೆ. ಬಹುವಚನ ಮಾಟಗಾತಿಯರು. ಗುಣಕ್ಕೆ ‘ಮಾಟಗಾತಿತನ’ ಅನ್ನಬಹುದು. ಕಿವಿಗೆ ಸ್ವಲ್ಪ ಒರಟು, ಆದರೆ ಅರ್ಥ ಸ್ಪಷ್ಟ. ಹೋಲಿಕೆಗೆ ‘ಮಾಟಗಾತಿಯಂಥ’, ‘ಮಾಟಗಾತಿಯಂತೆ’. ‘ಮಾಟಗಾತಿಯಂಥ ನಗು’ ಅನ್ನುವಾಗ ‘ಅಂಥ’, ‘ಮಾಟಗಾತಿಯಂತೆ ನಕ್ಕಳು’ ಅನ್ನುವಾಗ ‘ಅಂತೆ’. ಇವೆರಡನ್ನು ಬೆರೆಸುವುದು ನಾನು ತಿದ್ದುವ ಬರಹಗಳಲ್ಲಿ ತುಂಬ ಸಲ ಕಾಣುವ ತಪ್ಪು.

ಇಂಗ್ಲಿಷ್ ಪದವೂ ಮೊದಲಿನಿಂದ ಹೆಂಗಸರಿಗೇ ಮೀಸಲಾಗಿತ್ತಾ?

ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಗಂಡಸಿಗೆ ‘ವಿಚ್ಚ’, ಹೆಂಗಸಿಗೆ ‘ವಿಚ್ಚೆ’ ಅಂತ ಎರಡು ರೂಪ ಇದ್ದವು. ಕಾಲ ಕಳೆದಂತೆ ಕೊನೆಯ ಸ್ವರ ಸವೆದು ಎರಡೂ ‘ವಿಚ್’ ಆದವು. ಆಮೇಲೆ ಆ ಪದ ಹೆಂಗಸರ ಕಡೆಗೇ ವಾಲಿತು. ನಮ್ಮಲ್ಲಿ ‘ಗಾರ’, ‘ಗಾತಿ’ ಬೇರೆ ಬೇರೆಯಾಗೇ ಉಳಿದರೂ ಅಪವಾದ ಮಾತ್ರ ಹೆಂಗಸಿಗೇ ಅಂಟಿತು.

ಇನ್ನೊಂದು ವಿಷಯ. ‘ವಿಚ್ ಹೇಜಲ್’ ಅಂತ ಕ್ರೀಮು, ಟೋನರುಗಳ ಮೇಲೆ ಬರೆದಿರುತ್ತದಲ್ಲ, ಅದಕ್ಕೂ ಮಾಟಗಾತಿಗೂ ಸಂಬಂಧ ಇಲ್ಲ. ಅಲ್ಲಿನ ‘ವಿಚ್’ ಬೇರೆ ಪದ, ಬಳುಕುವ ಅಂತ ಅರ್ಥ. ಒಮ್ಮೆ ಒಂದು ಅನುವಾದದಲ್ಲಿ ‘ಮಾಟಗಾತಿ ಗಿಡದ ರಸ’ ಅಂತ ಬಂದದ್ದನ್ನು ಅಚ್ಚಿಗೆ ಹೋಗುವ ಮೊದಲು ಹಿಡಿದು ತಿದ್ದಿದ್ದೆ.

ಪೊರಕೆ ಮೇಲೆ ಹಾರುವ, ಚೂಪು ಟೋಪಿಯ ಮುದುಕಿ ನಮ್ಮವಳಾ?

ಯುರೋಪಿನವಳು. ಮಕ್ಕಳ ಪುಸ್ತಕ, ಕಾರ್ಟೂನುಗಳ ಜೊತೆ ಬಂದಳು. ನಮ್ಮ ಮನೆಗಳಲ್ಲಿ ಪೊರಕೆಗೆ ಬೇರೆಯೇ ಮರ್ಯಾದೆ. ಅದು ಲಕ್ಷ್ಮಿ, ಕಾಲು ತಾಕಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು ಅಂತ ಅಜ್ಜಿಯರು ಹೇಳುತ್ತಿದ್ದರು. ಅದರ ಮೇಲೆ ಕಾಲು ಇಳಿಬಿಟ್ಟು ಕೂತು ಹಾರುವವಳನ್ನು ನಮ್ಮ ಅಜ್ಜಿಯರು ಕಲ್ಪಿಸಿಕೊಂಡಿರಲಾರರು. ನಮ್ಮ ಕಥೆಗಳ ಮಾಟಗಾತಿಗೆ ವೇಷವೇ ಇಲ್ಲ. ಪಕ್ಕದ ಮನೆಯವಳ ಹಾಗೇ ಇರುತ್ತಾಳೆ.

ಮಕ್ಕಳ ಕಥೆ ಅನುವಾದಿಸುವಾಗ ಏನು ಮಾಡಬೇಕು?

ಕಥೆಯಲ್ಲಿ ಅವಳು ಕೆಟ್ಟವಳೇ ಆಗಿದ್ದರೆ ‘ಮಾಟಗಾತಿ’ ಇರಲಿ. ಕಥೆ ಬೇರೆ ಲೋಕದ್ದು ಅಂತ ಮಕ್ಕಳಿಗೆ ಗೊತ್ತಿರುತ್ತದೆ. ಅವಳು ಒಳ್ಳೆಯವಳು, ತಮಾಷೆಯವಳು, ಬೆಕ್ಕು ಸಾಕಿಕೊಂಡು ಕೆಲಸಕ್ಕೆ ಬಾರದ ಮಂತ್ರ ಹಾಕುವವಳು ಆಗಿದ್ದರೆ ‘ಮಂತ್ರದಜ್ಜಿ’, ‘ಜಾದೂ ಅಜ್ಜಿ’ ಅಂದು ನೋಡಿ. ನಾನು ಒಂದು ಚಿತ್ರಪುಸ್ತಕಕ್ಕೆ ‘ಮಂತ್ರದಜ್ಜಿ’ ಅಂತ ಬಳಸಿ ಪಕ್ಕದ ಮನೆಯ ಐದು ವರ್ಷದ ಹುಡುಗಿಗೆ ಓದಿ ಹೇಳಿದೆ. “ಅಜ್ಜಿ ಅಂದ್ಮೇಲೆ ಯಾಕೆ ಹೆದರ್ಬೇಕು?” ಅಂದಳು. ಪದ ಅಲ್ಲೇ ತೀರ್ಮಾನವಾಯಿತು.

ಒಂದು ಎಚ್ಚರಿಕೆ. ಮೂಲದಲ್ಲಿ ಇಲ್ಲದಿದ್ದರೆ ‘ಕಪ್ಪಗಿದ್ದ ಮಾಟಗಾತಿ’, ‘ವಿಧವೆ ಮಾಟಗಾತಿ’ ಅಂತೆಲ್ಲ ಸೇರಿಸಬೇಡಿ. ಮೂಲದಲ್ಲಿ ಇದ್ದರೂ ಬೇಕಾ ಅಂತ ಎರಡು ಸಲ ಯೋಚಿಸಿ. ಮಗು ಆ ಪದವನ್ನು ಪುಸ್ತಕದಿಂದ ಎತ್ತಿ ಬೀದಿಯಲ್ಲಿರುವ ಯಾರಿಗೋ ಅಂಟಿಸುತ್ತದೆ.

‘ವಿಚ್ ಹಂಟ್’ ಅನ್ನುವುದನ್ನು ‘ಮಾಟಗಾತಿ ಬೇಟೆ’ ಅನ್ನಬಹುದಾ?

ಇತಿಹಾಸದ ಘಟನೆಗೆ ಅನ್ನಬಹುದು. ರಾಜಕಾರಣಿಯೊಬ್ಬ ತನ್ನ ಮೇಲಿನ ತನಿಖೆಯನ್ನು ಹಾಗೆ ಕರೆದುಕೊಂಡರೆ ‘ಸುಳ್ಳು ಆರೋಪ ಹೊರಿಸಿ ಬೆನ್ನು ಹತ್ತಿದ್ದಾರೆ’ ಅಂದರೆ ಸಾಕು.

ಇತಿಹಾಸ ಬರೆಯುವಾಗ ವಿವರ ಸರಿ ಇರಲಿ. ಅಮೆರಿಕದ ಸೇಲಂನಲ್ಲಿ 1692ರಲ್ಲಿ 19 ಜನರನ್ನು ಗಲ್ಲಿಗೆ ಹಾಕಿದರು. ಅವರಲ್ಲಿ 14 ಹೆಂಗಸರು, 5 ಗಂಡಸರು. ಇನ್ನೊಬ್ಬ ಮುದುಕನನ್ನು ಎದೆ ಮೇಲೆ ಕಲ್ಲು ಹೇರಿ ಕೊಂದರು. ‘ಸೇಲಂನಲ್ಲಿ ಮಾಟಗಾತಿಯರನ್ನು ಸುಟ್ಟರು’ ಅಂತ ಬರೆಯುವವರಿದ್ದಾರೆ. ಅಲ್ಲಿ ಯಾರನ್ನೂ ಸುಡಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಆನಾ ಗೋಲ್ಡಿ ಎಂಬ ಮನೆಗೆಲಸದ ಹೆಂಗಸಿನ ತಲೆ ಕಡಿದದ್ದು 1782ರಲ್ಲಿ. ಅವಳು ನಿರಪರಾಧಿ ಅಂತ ಅಲ್ಲಿನ ಸರ್ಕಾರ ಒಪ್ಪಿಕೊಂಡದ್ದು 2008ರಲ್ಲಿ. ನಡುವೆ 226 ವರ್ಷ.

ಯಾರನ್ನಾದರೂ ಸಿಟ್ಟಿನಲ್ಲಿ ‘ಮಾಟಗಾತಿ’ ಅಂದರೆ ಅಷ್ಟೊಂದು ತಪ್ಪಾ? ಅದು ಬರೀ ಮಾತಲ್ವಾ?

ಇಡೀ ಪುಟ ಬರೆದದ್ದೇ ಈ ಪ್ರಶ್ನೆಗಾಗಿ.

ಬಿಹಾರದಲ್ಲಿ 1999ರಲ್ಲಿ ಒಂದು ಕಾಯ್ದೆ ಬಂತು. ‘ಡಾಯನ್’ ಅಂದರೆ ಅಲ್ಲಿ ಮಾಟಗಾತಿ. ಆ ಕಾಯ್ದೆ ಪ್ರಕಾರ ಹೊಡೆಯುವುದು, ಹಿಂಸಿಸುವುದು ಮಾತ್ರ ಅಪರಾಧ ಅಲ್ಲ. ಒಬ್ಬಳನ್ನು ‘ಡಾಯನ್’ ಅಂತ ಗುರುತಿಸುವುದೇ ಅಪರಾಧ. ಅದಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಜಾರ್ಖಂಡ್ 2001ರಲ್ಲಿ ಅದನ್ನೇ ತನ್ನದಾಗಿಸಿಕೊಂಡಿತು. ಛತ್ತೀಸಗಡದಲ್ಲಿ ಈ ಪದ ‘ಟೋನಹಿ’. 2005ರ ಅಲ್ಲಿನ ಕಾಯ್ದೆಯ ಹೆಸರಿನಲ್ಲೇ ಆ ಪದ ಇದೆ. ಒಂದು ಪದವನ್ನು ಬಾಯಿಂದ ಆಡುವುದನ್ನೇ ಇಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಅಂದರೆ ಅದರ ಹಿಂದೆ ಎಷ್ಟು ಹೆಣ ಬಿದ್ದಿರಬೇಕು ಯೋಚಿಸಿ.

ಜಾರ್ಖಂಡಿನ ಛುಟ್ನಿ ಮಹತೋ ಅವರನ್ನು ಊರವರು ಡಾಯನ್ ಎಂದು ಹೊಡೆದು ಓಡಿಸಿದ್ದರು. ಅವರು ಬದುಕಿಕೊಂಡು, ತಮ್ಮಂಥ ಹೆಂಗಸರಿಗೆ ಆಸರೆಯಾಗಿ ನಿಂತರು. ಅಸ್ಸಾಮಿನ ಬಿರುಬಾಲಾ ರಾಭಾ ಅವರೂ ಹಳ್ಳಿ ಹಳ್ಳಿ ಸುತ್ತಿ ಇದರ ವಿರುದ್ಧ ಹೋರಾಡಿದರು. ಇಬ್ಬರಿಗೂ 2021ರಲ್ಲಿ ಪದ್ಮಶ್ರೀ ಬಂತು. ಬಿರುಬಾಲಾ 2024ರಲ್ಲಿ ತೀರಿಕೊಂಡರು.

ನಮ್ಮ ರಾಜ್ಯದಲ್ಲಿ ಜನ ‘ಮೌಢ್ಯ ನಿಷೇಧ ಕಾಯ್ದೆ’ ಅನ್ನುವ 2017ರ ಕಾಯ್ದೆ ಇದೆ. 2020ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಹೇಳಿರುವ ಅಮಾನವೀಯ ಆಚರಣೆ, ವಾಮಾಚಾರಗಳಿಗೆ ಒಂದರಿಂದ ಏಳು ವರ್ಷದವರೆಗೆ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ.

ಕಾನೂನು ಪಕ್ಕಕ್ಕಿರಲಿ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಕೊನೇ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಒಬ್ಬರೇ. ಹಿತ್ತಲಲ್ಲಿ ದೊಡ್ಡಪತ್ರೆ, ನೆಲನೆಲ್ಲಿ, ಲೋಳೆಸರ ಬೆಳೆಸಿಕೊಂಡಿದ್ದರು. ಯಾರ ಹೊಟ್ಟೆ ಕೆಟ್ಟರೂ ಮೊದಲು ಅವರ ಹತ್ತಿರವೇ ಓಡುತ್ತಿದ್ದರು. ಒಂದು ವರ್ಷ ಎದುರು ಮನೆಯ ಎಳೆಗೂಸು ತೀರಿಕೊಂಡಿತು. ಹಿಂದಿನ ದಿನ ಆ ಅಜ್ಜಿ ಮಗುವನ್ನು ಎತ್ತಿಕೊಂಡಿದ್ದರಂತೆ. ಅಷ್ಟೇ. ಯಾರು ಮೊದಲು ಆ ಪದ ಅಂದರೋ ಗೊತ್ತಿಲ್ಲ, ವಾರದೊಳಗೆ ಬೀದಿಗೆಲ್ಲ ಹಬ್ಬಿತ್ತು.

ಸಂಕ್ರಾಂತಿಗೆ ಅವರು ಹಳೇ ಪೇಪರಿನಲ್ಲಿ ಸುತ್ತಿ ಕೊಬ್ಬರಿ ಮಿಠಾಯಿ ಕೊಟ್ಟರು. ಕೈ ನಡುಗುತ್ತಿತ್ತು, ಪೊಟ್ಟಣಕ್ಕೆ ಎರಡು ಸುತ್ತು ದಾರ ಕಟ್ಟಿದ್ದರು. ಅಮ್ಮ ನಗುತ್ತಲೇ ಈಸಿಕೊಂಡರು. ಅಜ್ಜಿ ತಿರುವಿನಲ್ಲಿ ಮರೆಯಾದ ಮೇಲೆ “ಕಾಂಪೌಂಡ್ ಆಚೆ ಎಸೆದು ಬಾ, ಕೈ ತೊಳ್ಕೋ” ಅಂದರು. ಎಸೆದೆ. ಮಾರನೇ ದಿನ ಸ್ಕೂಲಿಗೆ ಹೋಗುವಾಗ ನೋಡಿದೆ. ಪೊಟ್ಟಣ ಬಿಚ್ಚಿಕೊಂಡಿತ್ತು, ಇರುವೆ ಸಾಲು ಹಿಡಿದಿತ್ತು. ಕೂತು ನೋಡಿದೆ. ಒಂದು ಇರುವೆಯೂ ಸತ್ತಿರಲಿಲ್ಲ. ಸಂಜೆ ಅಮ್ಮನಿಗೆ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ. ಮುಂದಿನ ವರ್ಷ ಅಜ್ಜಿ ಯಾರ ಮನೆಗೂ ಎಳ್ಳು ಬೀರಲು ಬರಲಿಲ್ಲ. ಅವರಿಗೆ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಮಾತು ನಿಲ್ಲಿಸಿದರು, ಅಷ್ಟೇ. ಆ ಒಂದು ಪದ ಅವರ ಕೊನೆಯ ವರ್ಷಗಳನ್ನು ನುಂಗಿತು.

ಬರೀ ಮಾತು ಅಂತ ನಾನು ಹೇಗೆ ಹೇಳಲಿ?

ಹಾಗಾದರೆ ಸಿಟ್ಟು ಬಂದಾಗ ಏನನ್ನಬೇಕು?

ಅವರು ಮಾಡಿದ ಕೆಲಸವನ್ನೇ ಹೇಳಿ. ಚಾಡಿ ಹೇಳಿದರೆ ಚಾಡಿಕೋರಳು. ಜಗಳ ತೆಗೆದರೆ ಜಗಳಗಂಟಿ. ಮೋಸ ಮಾಡಿದರೆ ಮೋಸಗಾತಿ. ಈ ಬೈಗುಳಗಳಿಗೆ ಅವಳು ಎದುರುತ್ತರ ಕೊಡಬಹುದು, ‘ನಾನು ಮಾಡಿಲ್ಲ’ ಅಂತ ತೋರಿಸಬಹುದು. ‘ನಾನು ಮಾಟಗಾತಿ ಅಲ್ಲ’ ಅಂತ ತೋರಿಸುವುದು ಹೇಗೆ?

ಹೊಗಳಿಕೆಗೆ ಬಳಸಬಹುದಾ?

‘ಅವಳ ದನಿಯಲ್ಲಿ ಏನೋ ಮಾಟ ಇದೆ’ ಅನ್ನಬಹುದು, ಚೆನ್ನಾಗಿಯೂ ಇದೆ. ‘ಅವಳು ಮಾಟಗಾತಿ’ ಅಂದರೆ ಹೊಗಳಿಕೆಯಾಗಿ ಕೇಳುವುದು ತುಂಬ ಹತ್ತಿರದವರ ನಡುವೆ ಮಾತ್ರ. ಗೊತ್ತಿಲ್ಲದವರ ಫೋಟೋ ಕೆಳಗೆ ಹಾಗೆ ಬರೆಯಬೇಡಿ.

ತಮ್ಮನ್ನು ತಾವೇ ‘ವಿಚ್’ ಅಂದುಕೊಳ್ಳುವವರನ್ನು ಕನ್ನಡದಲ್ಲಿ ಏನನ್ನಬೇಕು?

ಬ್ರಿಟನ್ನಿನಲ್ಲಿ 1735ರ ಹಳೆಯ ಮಾಟದ ಕಾಯ್ದೆ ರದ್ದಾದದ್ದು 1951ರಲ್ಲಿ. ಆಮೇಲಿನ ವರ್ಷಗಳಲ್ಲಿ ಜೆರಾಲ್ಡ್ ಗಾರ್ಡ್ನರ್ ಮೊದಲಾದವರಿಂದ ‘ವಿಕ್ಕಾ’ ಅನ್ನುವ ಧರ್ಮ ಬೆಳಕಿಗೆ ಬಂತು. ಪ್ರಕೃತಿ, ಋತುಗಳ ಆರಾಧನೆ ಅವರದು. ಅದನ್ನು ನಂಬುವ ಅನೇಕರು ತಮ್ಮನ್ನು ವಿಚ್ ಅಂತಲೇ ಕರೆದುಕೊಳ್ಳುತ್ತಾರೆ. ಅವರ ಬಗ್ಗೆ ಬರೆಯುವಾಗ ‘ಮಾಟಗಾತಿ’ ಬೇಡ, ಆ ಪದದಲ್ಲಿರುವ ಕೇಡು ಅವರ ಧರ್ಮದಲ್ಲಿ ಇಲ್ಲ. ‘ವಿಕ್ಕಾ ಅನುಯಾಯಿ’ ಅನ್ನಿ. ಅವರೇ ಆಡಿದ ಮಾತಾದರೆ ‘ವಿಚ್’ ಅಂತ ಹಾಗೇ ಉಳಿಸಿ.

ನನ್ನ ಮಗಳಿಗೆ ಸ್ಕೂಲ್ ನಾಟಕದಲ್ಲಿ ಮಾಟಗಾತಿ ಪಾತ್ರ ಸಿಕ್ಕಿದೆ. ಬೇಡ ಅನ್ನಲಾ?

ಬೇಡ ಅನ್ನಬೇಡಿ. ಅದು ನಾಟಕದಲ್ಲಿ ಎಲ್ಲಕ್ಕಿಂತ ಖುಷಿ ಕೊಡುವ ಪಾತ್ರ, ಜೋರಾಗಿ ನಗಬಹುದು, ಕೂಗಬಹುದು. ಕಪ್ಪು ರಟ್ಟಿನ ಟೋಪಿ ಮಾಡಿಕೊಡಿ, ಹಳೇ ಶಾಲು ಹೊದಿಸಿ. ಮುಖಕ್ಕೆ ಮಸಿ ಬಳಿದು ಕಪ್ಪು ಮಾಡಬೇಡಿ, ಗೂನು ಬೆನ್ನು ಕಟ್ಟಬೇಡಿ, ಬಿಳಿ ಸೀರೆ ಉಡಿಸಬೇಡಿ. ನಾಟಕ ಮುಗಿದ ಮೇಲೆ ಗೆಳತಿಯರು ಆ ಹೆಸರಲ್ಲೇ ಕರೆಯಲು ಶುರು ಮಾಡಿದರೆ, ಮೊದಲ ದಿನವೇ ಟೀಚರಿಗೆ ಒಂದು ಮಾತು ಹೇಳಿ.